ಡಿಸೆಂಬರ್‌ನಲ್ಲಿ ಬರಬೇಡ ಮಾರಾಯ

ಕೊಲಂಬೊ
ಆಗಸ್ಟ್ 2024

ಪ್ರೀತಿಯ ಗೆಳೆಯಾ,

ಡಿಸೆಂಬರ್‌ನಲ್ಲಿ ಮಗನಿಗೆ ರಜೆ ಸಿಕ್ಕಾಗ ನಾಲ್ಕು ದಿನ ಬರುತ್ತೇವೆ, ಸಣ್ಣ ದ್ವೀಪ ತಾನೆ, ಒಂದು ಸುತ್ತು ಹಾಕಿದರೆ ಮುಗೀತು ಅಂತ ಬರೆದಿದ್ದೀಯ. ಓದಿ ನಗು ಬಂತು. ನಗೋಕೆ ನನಗೇನೂ ಹಕ್ಕಿಲ್ಲ ಬಿಡು. ಹೋದ ವರ್ಷ ಇಲ್ಲಿಗೆ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಭೂಪಟದಲ್ಲಿ ಉತ್ತರದ ಭಾಗಕ್ಕೆಲ್ಲ ‘ಒಣ ವಲಯ’ ಅಂತ ಬರೆದಿತ್ತು. ಅದನ್ನು ನಂಬಿಕೊಂಡು ಡಿಸೆಂಬರ್ ಮೊದಲ ವಾರ ಕೊಡೆ ಇಲ್ಲದೆ ಜಾಫ್ನಾಕ್ಕೆ ಹೋದೆ. ಮೂರು ದಿನ ಒಂದೇ ಸಮ ಹೊಡೆಯಿತು. ಒಗೆಯಲು ಕೊಟ್ಟ ಶರ್ಟು ಹೊರಡುವ ದಿನವೂ ಒದ್ದೆಯಾಗೇ ವಾಪಸು ಬಂತು. ಒಣ ವಲಯದ ಕಥೆ ಹೇಳಿದರೆ ಲಾಡ್ಜಿನ ಹುಡುಗ, “ಇದು ನಮ್ಮ ಮಳೆಗಾಲ ಸಾರ್” ಅಂದ. ಆ ‘ನಮ್ಮ’ ಅನ್ನೋದು ತಲೆಗೆ ಹೋಗಲು ನನಗೆ ಇನ್ನೂ ಆರು ತಿಂಗಳು ಬೇಕಾಯಿತು.

ಶ್ರೀಲಂಕಾ 65,610 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಪಾಲು. ಅದರ ನಡುವೆ, ಸ್ವಲ್ಪ ದಕ್ಷಿಣಕ್ಕೆ, ಬೆಟ್ಟಗಳ ಒಂದು ಗುಂಪು. ಎಲ್ಲಕ್ಕಿಂತ ಎತ್ತರದ್ದು ಪಿದುರುತಲಗಲ, 2,524 ಮೀಟರ್. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ, ಅಂದರೆ ನಮಗೂ ಬರುವ ಮಳೆಯೇ, ಈ ಬೆಟ್ಟಕ್ಕೆ ಬಡಿದು ಈಚೆ, ಪಶ್ಚಿಮದ ಮಗ್ಗುಲಲ್ಲೇ ಖಾಲಿಯಾಗುತ್ತದೆ. ಆಚೆಗೆ ಇಳಿಯುವುದು ಒಣ ಗಾಳಿ. ಅಕ್ಟೋಬರ್ ಬಂತೆಂದರೆ ಆಟ ತಿರುಗುತ್ತದೆ. ಈಶಾನ್ಯದಿಂದ ಮಳೆ ಬಂದು ಉತ್ತರ, ಪೂರ್ವ, ನಡುವಿನ ಬಯಲನ್ನೆಲ್ಲ ನೆನೆಸುತ್ತದೆ. ಸಾಗರದಲ್ಲಿ ಸುರಿಯುತ್ತಿರುವಾಗ ಶಿಕಾರಿಪುರ ದಾಟಿದರೆ ಬಿಸಿಲು ಇರುತ್ತಲ್ಲ, ಹಾಗೇ. ಆದರೆ ನಮ್ಮ ಬಯಲುಸೀಮೆಗೆ ಹಿಂಗಾರು ಅಂದರೆ ಬಂದರೆ ಬಂತು. ಇಲ್ಲಿನ ಬಯಲಿಗೆ ಅದೇ ದೊಡ್ಡ ಮಳೆ. ಅದರ ಬೆಳೆಗೆ ‘ಮಹ’ ಅಂತಲೇ ಹೆಸರು. ಮುಂಗಾರಿನದು ‘ಯಲ’, ಚಿಕ್ಕ ಬೆಳೆ. ಮೀನುಗಾರರೂ ಇದೇ ಲೆಕ್ಕದಲ್ಲಿ ಓಡಾಡುತ್ತಾರೆ. ಪಶ್ಚಿಮದ ಕಡಲು ಕೆರಳಿದಾಗ ನೆಗೊಂಬೊ, ಚಿಲಾವ್ ಕಡೆಯವರು ದೋಣಿ ಬಲೆ ಸಮೇತ ಪೂರ್ವದ ತೀರಕ್ಕೆ ಹೋಗಿ ಬಿಡಾರ ಹಾಕುತ್ತಾರೆ. ಅಲ್ಲಿ ಕೆರಳುವ ಹೊತ್ತಿಗೆ ವಾಪಸು.

ಬೆಟ್ಟ ಹೀಗೆ ಮಳೆ ತಡೆಯುವುದನ್ನು ಕಣ್ಣಾರೆ ಕಂಡದ್ದು ಹೋದ ತಿಂಗಳು, ಬೆಟ್ಟದ ಆಚೆ ಇರುವ ಬದುಳ್ಳದ ರೈಲಿನಲ್ಲಿ. ಕೊಲಂಬೊದಿಂದ ಹತ್ತು ಗಂಟೆಯ ಹಾದಿ. ಹಟ್ಟನ್ ದಾಟಿದ ಮೇಲೆ ಬರೀ ಮಂಜು, ಜಿಟಿಜಿಟಿ ಮಳೆ. ಬಾಗಿಲಲ್ಲಿ ಜೋತುಬಿದ್ದು ಫೋಟೋ ತೆಗೆಯುತ್ತಿದ್ದವರೆಲ್ಲ ಒಳಗೆ ಬಂದು ಕೂತರು. ಪಟ್ಟಿಪೊಲ ಅನ್ನುವುದು ಈ ದೇಶದ ಅತಿ ಎತ್ತರದ ಸ್ಟೇಷನ್, ಸುಮಾರು 6,200 ಅಡಿ. ಅದನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಒಂದು ಸುರಂಗ. ಒಳಗೆ ಹೋಗುವಾಗ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಹೊರಗೆ ಬಂದರೆ ಕಣ್ಣು ಚುಚ್ಚುವ ಬಿಸಿಲು. ಕೆಳಗೆ ದೂರದವರೆಗೆ ಉವಾ ಸೀಮೆಯ ಒಣಹುಲ್ಲಿನ ಗುಡ್ಡಗಳು. ಗಾಜಿನ ಮೇಲಿನ ಹನಿ ಇನ್ನೂ ಆರಿರಲಿಲ್ಲ. ಎದುರು ಕೂತಿದ್ದ ಅಜ್ಜ ಸ್ವೆಟರ್ ಬಿಚ್ಚಿ, ನೀಟಾಗಿ ಮಡಚಿ ಚೀಲಕ್ಕೆ ಹಾಕಿಕೊಂಡ. ಅವನಿಗೆ ಇದರಲ್ಲಿ ವಿಶೇಷ ಏನೂ ಇರಲಿಲ್ಲ.

ಚಹಾದ ರುಚಿಯೂ ಈ ಗಾಳಿಯದೇ ಆಟವಂತೆ. ಜುಲೈ-ಆಗಸ್ಟ್‌ನ ಒಣ ಗಾಳಿಗೆ ಉವಾದ ಗಿಡ ಬಳಲುತ್ತದೆ, ಚಿಗುರು ನಿಧಾನವಾಗುತ್ತದೆ, ಆಗ ಕಿತ್ತ ಎಲೆಗೇ ಒಳ್ಳೆಯ ಪರಿಮಳ. ಬೆಟ್ಟದ ಈಚೆ, ದಿಂಬುಳದಲ್ಲಿ, ಆ ಸಮಯ ಬರುವುದು ಜನವರಿ-ಮಾರ್ಚ್‌ನಲ್ಲಿ. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ ಅಂತ ನಿನಗೆ ಗೊತ್ತಾ? 1869ರಲ್ಲಿ ಎಲೆ ತುಕ್ಕು ರೋಗ ಬಂತು. ಇಪ್ಪತ್ತು ವರ್ಷದೊಳಗೆ ತೋಟಕ್ಕೆ ತೋಟವೇ ಹೋಯಿತು. ಅದೇ ರೋಗ ನಮ್ಮ ಕೊಡಗು, ಚಿಕ್ಕಮಗಳೂರಿಗೂ ಬಂದಿತ್ತು. ನಮ್ಮವರು ತಡೆದುಕೊಳ್ಳುವ ತಳಿ ಹುಡುಕಿಕೊಂಡು ಕಾಫಿಯಲ್ಲೇ ಉಳಿದರು. ಇಲ್ಲಿನವರು ಚಹಾಕ್ಕೆ ಹೊರಳಿದರು. ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವನೊಬ್ಬ ರೋಗಕ್ಕೆ ಎರಡು ವರ್ಷ ಮುಂಚೆಯೇ ಕ್ಯಾಂಡಿ ಹತ್ತಿರ ಲೂಲೆಕಂದೆರದಲ್ಲಿ 19 ಎಕರೆ ಚಹಾ ಹಾಕಿದ್ದ.

ಎಲೆ ಕೀಳುವವರು ತಮಿಳರು. ಜಾಫ್ನಾದ ತಮಿಳರು ಬೇರೆ, ಇವರು ಬೇರೆ. ಕಾಫಿ ಕಾಲದಲ್ಲಿ ಬ್ರಿಟಿಷರು ಮದ್ರಾಸ್ ಪ್ರಾಂತ್ಯದಿಂದ ಕರೆತಂದವರ ಮಕ್ಕಳು, ಮೊಮ್ಮಕ್ಕಳು. ಅವರ ಸಾಲು ಮನೆಗೆ ‘ಲಯಂ’ ಅನ್ನುತ್ತಾರೆ. ನೋಡಿದರೆ ನಮ್ಮ ಕಾಫಿ ತೋಟದ ಲೈನ್ ಮನೆಯೇ. ದೇಶ ಸ್ವತಂತ್ರವಾದ 1948ರಲ್ಲೇ ಒಂದು ಕಾನೂನು ಬಂದು ಇವರಲ್ಲಿ ಬಹುಪಾಲು ಜನ ಯಾವ ದೇಶದವರೂ ಅಲ್ಲದೆ ಉಳಿದರು. 1964ರಲ್ಲಿ ಎರಡೂ ದೇಶದ ಪ್ರಧಾನಿಗಳ ನಡುವೆ ಸಿರಿಮಾವೊ-ಶಾಸ್ತ್ರಿ ಒಪ್ಪಂದ. 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ, ಉಳಿದ ಒಂದೂವರೆ ಲಕ್ಷ ಆಮೇಲೆ ನೋಡೋಣ. ಅಡಿಕೆ ಮೂಟೆ ಹಂಚಿಕೊಂಡ ಹಾಗೆ! ಸುಳ್ಯ, ಪುತ್ತೂರು ಕಡೆ ಸರ್ಕಾರಿ ರಬ್ಬರ್ ತೋಟದಲ್ಲಿ ಲಂಕೆ ತಮಿಳರು ಇದ್ದಾರಲ್ಲ, ಹಾಗೆ ಬಂದವರೇ. ಇಲ್ಲಿ ಉಳಿದವರ ಪೌರತ್ವದ ಗಂಟು ಪೂರ್ತಿ ಬಿಚ್ಚಲು 2003ರ ಕಾನೂನು ಬರಬೇಕಾಯಿತು. ದಿನಗೂಲಿ 1,000 ರೂಪಾಯಿ ಆದದ್ದು 2021ರಲ್ಲಿ. ಅದೂ ಇಲ್ಲಿನ ರೂಪಾಯಿ, ನಮ್ಮ ಲೆಕ್ಕದಲ್ಲಿ ತೀರಾ ಕಮ್ಮಿ. 2024ರಲ್ಲಿ 1,700 ಬೇಕು ಅಂತ ಎಳೆದಾಟ ನಡೆಯಿತು. ಲೋಕಕ್ಕೆಲ್ಲ ಸಿಲೋನ್ ಟೀ ಅಂತ ಹೆಸರು ಮಾಡಿಕೊಟ್ಟವರು ಇವರು. ನನಗಂತೂ ಆ ಪ್ಯಾಕೆಟ್ ಮೇಲೆ ನಗುವ ಹೆಂಗಸಿನ ಚಿತ್ರ ನೋಡಿದರೆ ಮುಜುಗರ ಆಗುತ್ತದೆ.

ಇನ್ನು ಬಯಲು. ನನ್ನನ್ನು ಕೇಳಿದರೆ ಇಲ್ಲಿ ನೋಡಬೇಕಾದದ್ದು ಕೆರೆ. ಸಿಗಿರಿಯ ಬಂಡೆಗೆ ಕ್ಯೂ ನಿಲ್ಲುವವರು ನಿಲ್ಲಲಿ. ಒಣ ವಲಯ ಅಂದರೆ ಚಿತ್ರದುರ್ಗ ಅಂದುಕೊಳ್ಳಬೇಡ, ಬಹುತೇಕ ಕಡೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಮೇಲೆಯೇ ಬೀಳುತ್ತದೆ. ಆದರೆ ಅದರಲ್ಲಿ ಜಾಸ್ತಿ ಪಾಲು ಮೂರು-ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಹಿಡಿದಿಡದಿದ್ದರೆ ಅನ್ನ ಇಲ್ಲ. ಕೆರೆಗೆ ಇಲ್ಲಿ ‘ವೆವ’ ಅನ್ನುತ್ತಾರೆ. ಐದನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ ಕಲಾ ವೆವದಿಂದ ಅನುರಾಧಪುರದ ತಿಸ್ಸ ವೆವಕ್ಕೆ 87 ಕಿಲೋಮೀಟರ್ ಕಾಲುವೆ ಇದೆ. ಮೊದಲ 17 ಮೈಲಿಯಲ್ಲಿ ಇಳಿಜಾರು ಮೈಲಿಗೆ ಆರೇ ಇಂಚು. ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ನೂರು ಅಡಿಯೊಳಗೆ ನಾವು ಎಷ್ಟು ಸಲ ತಪ್ಪುತ್ತೇವೆ, ನೆನಪಿಸಿಕೋ.

ಆದರೆ ನನಗೆ ಹಿಡಿಸಿದ್ದು ರಾಜರ ಕೆರೆಗಿಂತ ಹಳ್ಳಿಯ ಪುಟ್ಟ ಕೆರೆ. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ, ನಮ್ಮ ಹಳೇ ಮೈಸೂರು ಕಡೆಯ ಸರಪಳಿ ಕೆರೆಗಳ ಹಾಗೇ. ತೂಬು ಇದೆ. ನಮ್ಮ ನೀರುಗಂಟಿಯಂಥವನು ಇಲ್ಲೂ ಇದ್ದ, ‘ವೆಲ್ ವಿದಾನೆ’ ಅಂತ. ಕೆರೆ ಏರಿಯ ಮೇಲೆ ಸಿಕ್ಕ ರೈತನೊಬ್ಬ ‘ಬೆತ್ಮ’ದ ವಿಷಯ ಹೇಳಿದ. ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟು ಪೂರ್ತಿ ನಾಟಿ ಮಾಡುವುದಿಲ್ಲ. ಕೆರೆಗೆ ಹತ್ತಿರದ ಗದ್ದೆ ಅಷ್ಟೇ. ಆ ಗದ್ದೆ ಯಾರದ್ದೇ ಇರಲಿ, ಆ ಒಂದು ಬೆಳೆಯ ಮಟ್ಟಿಗೆ ಅದನ್ನು ಎಲ್ಲ ರೈತರಿಗೂ ಹಂಚುತ್ತಾರೆ. ತುದಿಯಲ್ಲಿ ಜಮೀನು ಇರುವವನೂ ಬಂದು ತನ್ನ ಪಾಲಿನ ತುಂಡು ಉಳುತ್ತಾನೆ. “ಜಗಳ ಆಗಲ್ವಾ?” ಅಂದೆ. “ಆಗುತ್ತೆ. ಜಗಳ ಆಡಿಕೊಂಡೇ ಹಂಚ್ತೀವಿ” ಅಂದ. ನಮ್ಮೂರಲ್ಲಿ ನೀರಿನ ಸರದಿಗೆ ಕೋರ್ಟಿಗೆ ಹೋದವರ ನೆನಪಾಗಿ ಸುಮ್ಮನಾದೆ.

ಜಾಫ್ನಾಕ್ಕೆ ಕೆರೆಯ ಭಾಗ್ಯವೂ ಕಮ್ಮಿ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನೆಲದಡಿ ಸುಣ್ಣಕಲ್ಲು, ಸುರಿದ ಮಳೆ ಅದರೊಳಗೆ ಇಳಿದು ಬಾವಿಗೆ ಬರಬೇಕು. ಹಿಂದೆ ಏತ ಹಾಕಿ ಎತ್ತುತ್ತಿದ್ದರು, ಈಗ ಪಂಪು. ಕೆಂಪು ಮಣ್ಣಿನಲ್ಲಿ ಈರುಳ್ಳಿ, ಹೊಗೆಸೊಪ್ಪು, ಸುತ್ತ ತಾಳೆಗರಿಯ ಬೇಲಿ. ಮಳೆಯಲ್ಲಿ ನೆನೆಯುತ್ತಾ ನೋಡಿದ್ದು ಅಲ್ಲಿನ ಲೈಬ್ರರಿ. 1981ರಲ್ಲಿ ಅದಕ್ಕೆ ಬೆಂಕಿ ಹಚ್ಚಿದಾಗ ಸುಮಾರು 97,000 ಪುಸ್ತಕ, ಓಲೆಗರಿ ಎಲ್ಲ ಬೂದಿಯಾಯಿತು. ಕಟ್ಟಡವನ್ನು ಮೊದಲಿದ್ದ ಹಾಗೇ ಬೆಳ್ಳಗೆ ಮತ್ತೆ ಕಟ್ಟಿದ್ದಾರೆ. ಸರ್ಕಾರಕ್ಕೂ ಎಲ್‌ಟಿಟಿಇಗೂ ನಡೆದ ಯುದ್ಧ ಮುಗಿದದ್ದು 2009ರಲ್ಲಿ, ಕೊಲಂಬೊದ ರೈಲು ಮತ್ತೆ ಜಾಫ್ನಾ ಮುಟ್ಟಿದ್ದು 2014ರಲ್ಲಿ.

ದಕ್ಷಿಣದ ಗಾಲೆ ನಿನಗೆ ಕ್ರಿಕೆಟ್‌ನಿಂದ ಗೊತ್ತು. ಆ ಕಡೆ ದಾಲ್ಚಿನ್ನಿ. ಮಳೆ ಬಿದ್ದು ಗಿಡದಲ್ಲಿ ರಸ ಏರಿದಾಗ ತೊಗಟೆ ಸಲೀಸಾಗಿ ಬಿಡುತ್ತದೆ. ಒಬ್ಬಾತ ಸುಲಿಯುವುದನ್ನು ಅರ್ಧ ದಿನ ಕೂತು ನೋಡಿದೆ. ಮೊದಲು ಮೇಲಿನ ಸಿಪ್ಪೆ ಹೆರೆದ. ಆಮೇಲೆ ಹಿತ್ತಾಳೆ ಸಲಾಕೆಯಿಂದ ಕೋಲನ್ನು ಚೆನ್ನಾಗಿ ಉಜ್ಜಿದ. ಚಾಕು ತೂರಿಸಿ ಒಂದು ಸುತ್ತು ತಿರುಗಿಸಿದರೆ ಕಾಗದದಷ್ಟು ತೆಳ್ಳಗಿನ ತೊಗಟೆ ಇಡಿಯಾಗಿ ಕೈಗೆ ಬಂತು. ಚೂರುಪಾರನ್ನು ಅದರೊಳಗೆ ತುಂಬಿ, ಒಂದಕ್ಕೊಂದು ಸೇರಿಸಿ, 42 ಇಂಚಿನ ಕೊಳವೆ ಮಾಡಿ ಮಾಡಿನ ಕೆಳಗೆ ಹಗ್ಗದ ಮೇಲೆ ಸಾಲಾಗಿ ಇಟ್ಟ. ಬಿಸಿಲಿಗೆ ಒಡ್ಡುವ ಹಾಗಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಇದಲ್ಲ, ಅದು ಇದರ ದಾಯಾದಿ.

ಕೊಲಂಬೊ ಬಗ್ಗೆ ಏನು ಬರೆಯಲಿ? ದೇಶದ ಆದಾಯದಲ್ಲಿ ಐದರಲ್ಲಿ ಎರಡು ಪಾಲು ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯ ಒಂದರದ್ದೇ. ಬಂದರು, ಬ್ಯಾಂಕು, ನಮ್ಮಂಥವರಿಗೆ ಅನ್ನ ಕೊಡುವ ಗಾರ್ಮೆಂಟ್ಸ್, ಎಲ್ಲ ಇಲ್ಲೇ. ನಮ್ಮ ದೇಶಕ್ಕೆ ಬರಬೇಕಾದ ಎಷ್ಟೋ ಕಂಟೇನರ್ ಕೂಡ ಇಲ್ಲೇ ಹಡಗು ಬದಲಿಸುತ್ತವೆ. ಟ್ರಾಫಿಕ್ ಬೆಂಗಳೂರಿನ ಹಾಗೇ. ಸಾಕು.

ಆದ್ದರಿಂದ ಡಿಸೆಂಬರ್ ಬೇಡ. ಗಾಲೆಯಲ್ಲಿ ಬಿಸಿಲು ಇರುತ್ತದೆ, ನಿಜ, ಆದರೆ ಜಾಫ್ನಾ, ಅನುರಾಧಪುರ ಕೈಬಿಡಬೇಕಾಗುತ್ತದೆ. ಅಡಿಕೆ ಕೊನೆ ಕೊಯ್ಲಿನ ನಡುವೆ ನೀನಾದರೂ ಹೇಗೆ ಬರ್ತೀಯ? ಮಾರ್ಚ್ ಕೊನೆಗೆ, ಮಗನ ಪರೀಕ್ಷೆ ಮುಗಿದ ಕೂಡಲೇ ಹೊರಡಿ. ಆಗ ಒಂದು ಮಳೆ ಮುಗಿದಿರುತ್ತದೆ, ಇನ್ನೊಂದು ಶುರುವಾಗಿರುವುದಿಲ್ಲ. ಸಂಜೆ ಗುಡುಗಿ ಒಂದೊಂದು ಮಳೆ ಬಂದರೆ ಬಂತು. ಏಪ್ರಿಲ್ 13-14ಕ್ಕೆ ಇಲ್ಲಿ ಹೊಸ ವರ್ಷ, ಕರಾವಳಿಯವರ ಬಿಸು ಇದ್ದ ಹಾಗೆ. ಅಂಗಡಿ ಹೋಟೆಲು ಎಲ್ಲ ಬಾಗಿಲು ಹಾಕುತ್ತಾರೆ, ಅದರೊಳಗೆ ತಿರುಗಾಟ ಮುಗಿಸಬೇಕು. ನಾಲ್ಕು ದಿನ ಸಾಲದು, ಹತ್ತು ದಿನ ಇಟ್ಟುಕೋ.

ಅಮ್ಮನ ಊಟದ ಚಿಂತೆ ಬಿಡು. ಇಲ್ಲಿನ ಪೊಲೊಸ್ ಅಂದರೆ ಹಲಸಿನ ಗುಜ್ಜೆ ಪಲ್ಯ, ಇಂದಿ ಆಪ್ಪ ಅಂದರೆ ಒತ್ತು ಶ್ಯಾವಿಗೆ. ಕಾಯಿ ಚಟ್ನಿಗೆ ಮಾತ್ರ ಒಣಮೀನಿನ ಪುಡಿ ಸೇರಿಸಿರುತ್ತಾರೆ, ಮೊದಲೇ ಹೇಳಿಬಿಡಬೇಕು. ಮತ್ತೆ, ಬೈನೆ ಮರ ಗೊತ್ತಲ್ಲ? ನಾವು ಕಳ್ಳು ಇಳಿಸಲು ಬಿಟ್ಟುಬಿಟ್ಟ ಮರ. ಇಲ್ಲಿ ಅದಕ್ಕೆ ಕಿತುಲ್ ಅನ್ನುತ್ತಾರೆ. ಹೂಗೊನೆಯ ರಸ ಕಾಸಿ ‘ಪಾಣಿ’ ಮಾಡಿ, ಮಡಕೆಯಲ್ಲಿ ಹೆಪ್ಪುಹಾಕಿದ ಎಮ್ಮೆ ಮೊಸರಿನ ಮೇಲೆ ಸುರಿದು ತಿನ್ನುತ್ತಾರೆ. ಅದರ ಮುಂದೆ ನಮ್ಮ ಜೋನಿಬೆಲ್ಲ ಏನೂ ಅಲ್ಲ ಅಂತ ಆಫೀಸಿನವರು ನನ್ನ ಹತ್ತಿರ ವಾದ ಮಾಡಿದ್ದಾರೆ. ಬರುವಾಗ ಒಂದು ಬಾಟಲಿ ಜೋನಿಬೆಲ್ಲ ತಾ. ಮುಚ್ಚಳ ಗಟ್ಟಿ ಮಾಡಿ, ಎರಡು ಕವರ್ ಹಾಕು. ಹೋದ ಸಲ ನಿನ್ನ ಉಪ್ಪಿನಕಾಯಿ ನನ್ನ ಸೂಟ್‌ಕೇಸಿನಲ್ಲಿ ಏನು ಮಾಡಿತು ಅಂತ ಗೊತ್ತಲ್ಲ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ
ಹಿಂದಿನ ಬೆಂಚಿನ ಜೊತೆಗಾರ