ಪಲಾಝೋಲೊ: ಒಂದೇ ಕಲ್ಲಿನ ಊರು

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಇಟಲಿಯ ಸಿಸಿಲಿ ದ್ವೀಪಕ್ಕೆ ಬಂದಾಗ ಸಿರಾಕ್ಯೂಸ್ ನಗರ ಒಂದನ್ನೇ ನೋಡಿಕೊಂಡು ಹೊರಡಬೇಡಿ. ಅಲ್ಲಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ಪಶ್ಚಿಮಕ್ಕೆ ಗುಡ್ಡದ ಮೇಲೆ ಪಲಾಝೋಲೊ ಅಕ್ರೈಡೆ ಎಂಬ ಊರಿದೆ. ಅದಕ್ಕೆ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ.

ಸಿರಾಕ್ಯೂಸಿನ ಗ್ರೀಕರು ಕ್ರಿ.ಪೂ. 664ರಲ್ಲಿ ಒಳನಾಡಿನ ದಾರಿ ಕಾಯಲು ಇಲ್ಲಿ ಅಕ್ರೈ ಎಂಬ ಊರು ಕಟ್ಟಿದರು. ಅದರ ಅವಶೇಷ ಇರುವುದು ಈಗಿನ ಊರಿಗಿಂತ ಮೇಲೆ, ಗುಡ್ಡದ ತಲೆಯಲ್ಲಿ. ಬೆಳಿಗ್ಗೆ ಅಲ್ಲಿಗೇ ಹೋಗಿ. ನೆರಳು ಕಡಿಮೆ, ಹೊತ್ತೇರಿದರೆ ಬಿಸಿಲು ತಡೆಯಲಾಗದು. ಚರ್ಚುಗಳನ್ನು ಸಂಜೆಗೆ ಇಡಿ. ಮಧ್ಯಾಹ್ನ ಅವು ಬಾಗಿಲು ಹಾಕುತ್ತವೆ, ಮತ್ತೆ ತೆಗೆಯುವುದು ನಾಲ್ಕರ ಸುಮಾರಿಗೆ.

ರಂಗಮಂದಿರ ಚಿಕ್ಕದು, 12 ಸಾಲು, ಸುಮಾರು 600 ಜನ ಕೂರುವಷ್ಟು. ಕ್ರಿ.ಪೂ. ಮೂರನೇ ಶತಮಾನದ್ದು. ಪಕ್ಕದಲ್ಲೇ ಊರ ಸಭೆ ಸೇರುತ್ತಿದ್ದ ಜಾಗವಿದೆ, ಅಲ್ಲೂ ಕಲ್ಲಿನ ಸಾಲುಗಳೇ. ಅದರ ಹಿಂದಿನ ಕಲ್ಲುಗಣಿಯನ್ನು ಮಾತ್ರ ಬಿಡಲೇಬೇಡಿ ಅಪ್ಪ. ಗುಡ್ಡವನ್ನೇ ಕಡಿದು ತೆಗೆದ ಗೋಡೆಗಳ ಮೇಲೆ ಉಳಿಯ ಗೀರುಗಳು ಇನ್ನೂ ಕಾಣುತ್ತವೆ. ಕಲ್ಲು ತೆಗೆದಾದ ಮೇಲೆ ಅದೇ ಗುಂಡಿಗಳಲ್ಲಿ ಕ್ರೈಸ್ತರು ಗೋರಿ ಕೊರೆದರು, ಆಮೇಲೆ ಜನ ವಾಸವನ್ನೂ ಮಾಡಿದರು.

ಊರನ್ನೆಲ್ಲ ಕಟ್ಟಿರುವ ಈ ಸುಣ್ಣಕಲ್ಲು ನಮ್ಮ ಬೇಲೂರಿನ ಬಳಪದ ಕಲ್ಲಿನ ಹಾಗೆಯೇ, ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ತಾಕಿದ ಮೇಲೆ ಗಟ್ಟಿ. ಅದಕ್ಕೇ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದೆ. ಕೇಡೂ ಅಲ್ಲಿಂದಲೇ. ಕಲ್ಲು ನೀರು ಹೀರುತ್ತದೆ, ಒಣಗುವಾಗ ಒಳಗಿನ ಉಪ್ಪು ಮೇಲೆ ಬಂದು ಹೊರಪದರ ಹಿಟ್ಟಿನಂತೆ ಉದುರುತ್ತದೆ. ಕೈ ಹಚ್ಚಬೇಡಿ.

ಗುಡ್ಡದ ಕೆಳ ಇಳಿಜಾರಿನಲ್ಲಿ 'ಸಾಂತೋನಿ' ಇವೆ, ಬಂಡೆಯಲ್ಲೇ ಕೊರೆದ 12 ಉಬ್ಬುಶಿಲ್ಪಗಳು. ಬಹುತೇಕ ಎಲ್ಲದರಲ್ಲೂ ಆ ಕಾಲದವರು ಪೂಜಿಸುತ್ತಿದ್ದ ಮಾತೃದೇವತೆ ಸಿಬೆಲೆಯೇ, ಆಸನದ ಮೇಲೆ ಕೂತು, ಎರಡೂ ಬದಿಗೆ ಸಿಂಹ ಇಟ್ಟುಕೊಂಡು. ಮುಖಗಳು ಸವೆದುಹೋಗಿವೆ, ಆದರೂ ಕೂತ ಠೀವಿ ಗೊತ್ತಾಗುತ್ತದೆ. ಮಳೆಗೆ ಕೆಡದಿರಲೆಂದು ಮರೆ ಕಟ್ಟಿ ಬೀಗ ಹಾಕಿದ್ದಾರೆ. ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ, ಕಾವಲಿನವರು ಜೊತೆಗೆ ಬಂದು ತೆಗೆಯಬೇಕು. ಕೇಳದೆ ಇಳಿದುಹೋದರೆ ಬೀಗ ನೋಡಿಕೊಂಡು ವಾಪಸು ಹತ್ತಬೇಕಾಗುತ್ತದೆ.

ಚರ್ಚುಗಳ ವಿಷಯ. 1693ರ ಜನವರಿ 11ರ ಭೂಕಂಪದಲ್ಲಿ ಈ ಸೀಮೆಯಲ್ಲಿ ಸುಮಾರು 60,000 ಜನ ಸತ್ತರು, ಊರುಗಳು ನೆಲಸಮವಾದವು. ನೀವು ನೋಡುವುದೆಲ್ಲ ಹೆಚ್ಚುಕಡಿಮೆ ಅದರ ನಂತರ ಕಟ್ಟಿದ್ದು. ಹಾಗೆ ಮತ್ತೆ ಎದ್ದ ಎಂಟು ಊರುಗಳನ್ನು 2002ರಲ್ಲಿ ಯುನೆಸ್ಕೊ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಪಲಾಝೋಲೊ ಅದರಲ್ಲೊಂದು. ಸಾನ್ ಸೆಬಾಸ್ತಿಯಾನೊ ಚರ್ಚಿಗೆ ಮೆಟ್ಟಿಲು ಜಾಸ್ತಿ. ಅಮ್ಮನ ಮಂಡಿಗೆ ಕಷ್ಟವಾದರೆ ಕೆಳಗಿನ ಚೌಕದಲ್ಲಿ ಕೂತರೂ ಮುಂಭಾಗ ಚೆನ್ನಾಗಿ ಕಾಣುತ್ತದೆ. ಸಾನ್ ಪಾವೊಲೊ ಚರ್ಚು ಊರ ಪಾಲಕ ಸಂತ ಪಾಲರದು. ಮಾಲ್ಟಾದಲ್ಲಿ ಹಾವು ಕಚ್ಚಿದರೂ ಪಾಲರಿಗೆ ಏನೂ ಆಗಲಿಲ್ಲವಂತೆ, ಅದಕ್ಕೆ ಜೂನ್ 29ರ ಹಬ್ಬದಲ್ಲಿ ಹಾವಿನ ಆಕಾರವಿಟ್ಟ ದುಂಡನೆಯ ಬ್ರೆಡ್ಡು ಮಾಡುತ್ತಾರೆ. ಅಮ್ಮ, ನಿನಗೆ ನಾಗರ ಪಂಚಮಿ ನೆನಪಾಗದೆ ಇರದು.

ನನ್ನ ಮನಸ್ಸು ಮಾತ್ರ ಹಳೇ ಕೇರಿಯ ಅನ್ನುಂತ್ಸಿಯಾತಾ ಚರ್ಚಿನ ಮೇಲೆ. ಮುಂಭಾಗ ಪೂರ್ತಿಯಾಗಲೇ ಇಲ್ಲ. ಬಾಗಿಲಿನ ಎರಡೂ ಕಡೆ ತಿರುಚಿದ ಕಂಬಗಳು, ಮೈಮೇಲೆಲ್ಲ ಬಳ್ಳಿ, ಹಣ್ಣು. ಸಂಜೆ ಓರೆ ಬೆಳಕು ಬಿದ್ದಾಗ ಒಂದೊಂದು ಎಲೆಯ ಕೆಳಗಿನ ನೆರಳೂ ಬೇರೆಯಾಗಿ ನಿಲ್ಲುತ್ತದೆ. ಚಿತ್ರಕಾರ ಆಂತೊನೆಲ್ಲೊ ದಾ ಮೆಸ್ಸೀನಾ 1474ರಲ್ಲಿ ಈ ಚರ್ಚಿಗೆಂದೇ ಬರೆದ ಚಿತ್ರ ಈಗ ಇಲ್ಲಿಲ್ಲ, ಸಿರಾಕ್ಯೂಸಿನ ಬೆಲ್ಲೊಮೊ ಅರಮನೆಯ ಸಂಗ್ರಹಾಲಯದಲ್ಲಿದೆ. ಮರದ ಹಲಗೆ ಹಾಳಾದ್ದರಿಂದ ಬಣ್ಣವನ್ನು ಬಟ್ಟೆಗೆ ಸಾಗಿಸಿದ್ದಾರೆ, ಬಹಳ ಕಡೆ ಬಣ್ಣ ಎದ್ದುಹೋಗಿದೆ. ಮಾರನೆಯ ದಿನ ಅದನ್ನೂ ನೋಡಿ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಹಿಡಿತವಿರುವ ಶೂ ಹಾಕಿಕೊಳ್ಳಿ, ಸವೆದ ಸುಣ್ಣಕಲ್ಲು ಜಾರುತ್ತದೆ. ಭಾನುವಾರ ಬಸ್ಸು ನಂಬಬೇಡಿ, ವಾರದ ದಿನವೇ ಬನ್ನಿ.

ನಿಮ್ಮ ಮಗಳು