ರಾಜ್ಯಶಾಸ್ತ್ರ ಓದಿದವರಿಗೆ ಕೆಎಎಸ್ ಒಂದೇ ದಾರಿಯಲ್ಲ

ಮಾನ್ಯ ಸಂಪಾದಕರೇ,

ಪಿಯು ಫಲಿತಾಂಶ ಬಂದು ಡಿಗ್ರಿ ಅಡ್ಮಿಷನ್ ಶುರುವಾದರೆ ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ, ಬಿಎಯಲ್ಲಿ ರಾಜ್ಯಶಾಸ್ತ್ರ ತಗೊಂಡ್ರೆ ಏನು ಕೆಲಸ ಸಿಗುತ್ತೆ ಸರ್ ಅಂತ. ನಮ್ಮ ಕಾಲೇಜುಗಳ ಉತ್ತರವೂ ಒಂದೇ, ಕೆಎಎಸ್ ಐಎಎಸ್ ಮಾಡಬಹುದು. ಅತಿಥಿ ಉಪನ್ಯಾಸಕನಾಗಿ ಇದೇ ವಿಷಯ ಪಾಠ ಮಾಡುವ ನನಗೆ ಈ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಲೆಕ್ಕ ನೋಡಿ. ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 2020ರಲ್ಲಿ ಕೆಎಎಸ್ ಸೇರಿದ 106 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಮುಂದಿನ ಸಲ ಕರೆದದ್ದು 2024ರಲ್ಲಿ, 384 ಹುದ್ದೆಗಳಿಗೆ, ಅದರಲ್ಲೂ ಕನ್ನಡ ಪ್ರಶ್ನೆಪತ್ರಿಕೆಯ ಎಡವಟ್ಟಿನಿಂದ ಪೂರ್ವಭಾವಿ ಪರೀಕ್ಷೆಯನ್ನೇ ಮತ್ತೆ ಬರೆಸಬೇಕಾಯಿತು. ಯಾವ ಡಿಗ್ರಿ ಇದ್ದರೂ ಬರೆಯಬಹುದಾದ ಪರೀಕ್ಷೆ ಇದು. ಎಂಜಿನಿಯರ್‌ಗಳೂ ಬರೆಯುತ್ತಾರೆ, ಡಾಕ್ಟರ್‌ಗಳೂ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ಸ್ವಲ್ಪ ಅನುಕೂಲ ಇರುವುದು ನಿಜ, ಸಂವಿಧಾನದ ಭಾಗ ಮೊದಲೇ ಓದಿರುತ್ತಾರೆ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರವನ್ನೇ ಐಚ್ಛಿಕ ವಿಷಯ ಮಾಡಿಕೊಂಡರೆ ಒಟ್ಟು 500 ಅಂಕದ ಎರಡು ಪತ್ರಿಕೆ ಅದೇ ಆಗುತ್ತದೆ. ಆದರೆ ಅದನ್ನೇ ಬಿಎಗೆ ಸೇರಲು ಕಾರಣ ಅಂತ ಹೇಳಿ ಮನೆಯವರನ್ನು ನಂಬಿಸುವುದು ಸರಿಯಲ್ಲ ಅಲ್ವಾ?

ನಿಜವಾಗಿ ಹುಡುಗರು ಸೇರಿಕೊಳ್ಳುವ ಕೆಲಸಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಇವೆ. ಬಿ.ಇಡಿ ಮಾಡಿದರೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಮೇಷ್ಟ್ರಾಗಬಹುದು. ಎಂಎ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾದರೆ ಡಿಗ್ರಿ ಕಾಲೇಜಿಗೆ ಅರ್ಹತೆ ಬರುತ್ತದೆ, ಅರ್ಹತೆ ಮಾತ್ರ, ನೇಮಕಾತಿ ಯಾವಾಗ ಅಂತ ನನ್ನಂಥವರನ್ನು ಕೇಳಬೇಡಿ. ಮೂರು ವರ್ಷದ ಎಲ್‌ಎಲ್‌ಬಿ ನನ್ನ ಪ್ರಕಾರ ರಾಜ್ಯಶಾಸ್ತ್ರದ ಬಿಎಗೆ ಅತ್ಯುತ್ತಮ ಜೋಡಿ. ಪತ್ರಿಕೆ, ಟಿವಿ, ಸ್ವಯಂಸೇವಾ ಸಂಸ್ಥೆ, ಚುನಾವಣಾ ಸಮೀಕ್ಷೆ ಇವೂ ಇವೆ. ಶಾಸನಗಳ ಅಧ್ಯಯನ ಮಾಡುವ ದೆಹಲಿಯ ಪಿಆರ್‌ಎಸ್ ಸಂಸ್ಥೆ ಯುವಕರನ್ನು ಸಂಸದರ ಜೊತೆ ಕೆಲಸಕ್ಕೆ ಹಚ್ಚುವ ಲ್ಯಾಂಪ್ ಫೆಲೋಶಿಪ್ ನಡೆಸುತ್ತದೆ, ಯಾವುದೇ ಡಿಗ್ರಿ ಇದ್ದರೆ ಸಾಕು, ಆದರೆ ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಲು ಬರಬೇಕು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಬಹಳಷ್ಟು ಕಡೆ ಹಿಂದೆ ಬೀಳುವುದು ಇಲ್ಲೇ. ತಲೆ ಇದೆ, ಬರೆದು ಅಭ್ಯಾಸ ಇಲ್ಲ.

ಇದಕ್ಕೆಲ್ಲ ಡಿಗ್ರಿ ಸರ್ಟಿಫಿಕೇಟ್ ಸಾಲದು. ಕಡತ ಓದಲು ಬರಬೇಕು, ಟಿಪ್ಪಣಿ ಬರೆಯಲು ಬರಬೇಕು, ಕಂಪ್ಯೂಟರ್ ಗೊತ್ತಿರಬೇಕು. ನಾವು ಕಲಿಸುತ್ತಿರುವುದೇನು? ಗ್ರಾಮಸಭೆಯ ಬಗ್ಗೆ ಐದು ಅಂಕದ ಪ್ರಶ್ನೆ ಕೊಡುತ್ತೇವೆ. ಪಂಚಾಯಿತಿಗಳಿಗೆ ಸಂಬಂಧಿಸಿದ ಸಂವಿಧಾನದ 73ನೇ ತಿದ್ದುಪಡಿ, ಜಾರಿಗೆ ಬಂದದ್ದು 1993, ಅಧಿಕಾರಗಳು ಇಂತಿಂಥವು ಅಂತ ಮಕ್ಕಳು ಗೈಡ್ ನೋಡಿ ಬಾಯಿಪಾಠ ಹೊಡೆದು ಬರೆಯುತ್ತಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. 18 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಆ ಗ್ರಾಮಸಭೆಗೆ ಅವರೇ ಸದಸ್ಯರು! ಹೋಗಿದ್ದೀರಾ ಅಂತ ಕ್ಲಾಸಿನಲ್ಲಿ ಕೇಳಿದರೆ ಒಂದೆರಡು ಕೈ ಏಳಬಹುದು, ಅಷ್ಟೇ.

ಹಾಗಾಗಿ ನನ್ನ ಮನವಿ ಇಷ್ಟು. ಬಿಎ ಎರಡನೇ ವರ್ಷದ ರಾಜ್ಯಶಾಸ್ತ್ರ ವಿದ್ಯಾರ್ಥಿಗಳು ಒಂದು ಗ್ರಾಮಸಭೆಗೆ ಹೋಗಿ ವರದಿ ಬರೆಯಲಿ, ಪಂಚಾಯಿತಿ ಆಫೀಸಿನಲ್ಲಿ ಕೆಲವು ದಿನ ಕೂತು ಬಜೆಟ್, ನಡಾವಳಿ ಪುಸ್ತಕ ನೋಡಲಿ, ಸ್ವಂತ ಒಂದು ಆರ್‌ಟಿಐ ಅರ್ಜಿ ಹಾಕಲಿ. ಅದಕ್ಕೆ ಆಂತರಿಕ ಅಂಕ ಕೊಡೋಣ, ಸುಮ್ನೆ ಎಲ್ಲರಿಗೂ ಹಂಚುವ ಅಂಕಕ್ಕಿಂತ ಅದು ಎಷ್ಟೋ ಮೇಲು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು, ಅಂದರೆ ವರ್ಷದಲ್ಲಿ ಎರಡು ಅವಕಾಶ ಸಿಕ್ಕೇ ಸಿಗುತ್ತದೆ. ಖರ್ಚೂ ಜಾಸ್ತಿ ಇಲ್ಲ. ಕಾಲೇಜು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಜಿಲ್ಲಾ ಪಂಚಾಯಿತಿ ಸಿಇಒಗಳು ಪಿಡಿಒಗಳಿಗೆ ಒಂದು ಮಾತು ಹೇಳಿದರೆ ಬರುವ ಸೆಮಿಸ್ಟರ್‌ನಿಂದಲೇ ಶುರು ಮಾಡಬಹುದು.

ಇಂತಿ,
ಒಬ್ಬ ಅತಿಥಿ ಉಪನ್ಯಾಸಕ, ಹಾಸನ ಜಿಲ್ಲೆ