ಬಾತುವಿನ ಬಾಗಿದ ಕತ್ತಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪೆಟ್ಟಿಗೆ ನಿನ್ನೆ ಮಧ್ಯಾಹ್ನ ಬಂತು. ಎತ್ತಿ ಒಳಗಿಡುವಾಗ ಸೊಂಟ ಹಿಡಿಯಿತು. ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಒಂದೇ ಸಾಲು: ‘ಇಟ್ಟುಕೊಳ್ಳಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ.’ ಕೆಳಗೆ ಹೆಸರಿಲ್ಲ. ನಿನ್ನ ಅಕ್ಷರ ನನಗೆ ಗುರುತು ಸಿಗುವುದಿಲ್ಲವೇ, ಆದರೂ ಹೆಸರು ಬರೆಯಬಹುದಿತ್ತು.

ಫೋನಿನಲ್ಲಿ ಆದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಅಂದದ್ದು ನಿನಗೆ ನೆನಪಿದೆ, ನೀನು ಏನೂ ಅನ್ನದೆ ಫೋನ್ ಇಟ್ಟದ್ದು ನನಗೆ ನೆನಪಿದೆ. ಹನ್ನೊಂದು ದಿನವಾಯಿತು. ಮೊಬೈಲಿನಲ್ಲಿ ಸಂದೇಶ ಕಳಿಸಿದರೆ ‘ಸರಿ ಅಪ್ಪ’ ಎಂದು ಎರಡು ಪದದಲ್ಲಿ ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಪೆಟ್ಟಿಗೆಯನ್ನು ಯಾರಿಗೂ ಕೊಡುವುದಿಲ್ಲ. ಹಾಗೆಂದು ಕಟ್ಟು ಬಿಚ್ಚದೆ ಮೂಲೆಗಿಡಲೂ ಆಗಲಿಲ್ಲ. ಅಮ್ಮ ಮಲಗಿದ ಮೇಲೆ ಒಂದೊಂದಾಗಿ ಹೊರತೆಗೆದೆ. ಗ್ಲೊರಾಂಥಾ ಎಂಬ ನಿನ್ನ ಆ ಕಲ್ಪನೆಯ ಲೋಕದ ಎರಡು ಸಂಪುಟಗಳ ಮಾರ್ಗದರ್ಶಿ (ಸೊಂಟಕ್ಕೆ ಕಾರಣ ಇವೇ), ಆ ಲೋಕದೊಳಗೆ ಪಾತ್ರ ವಹಿಸಿ ಆಡುವ ರೂನ್‌ಕ್ವೆಸ್ಟ್ ಆಟದ ನಿಯಮಪುಸ್ತಕ, ರಬ್ಬರ್ ಬ್ಯಾಂಡ್ ಹಾಕಿದ ಪಾತ್ರಗಳ ಹಾಳೆಗಳು, ಹತ್ತು ಮುಖದ, ಇಪ್ಪತ್ತು ಮುಖದ ದಾಳಗಳ ಚೀಲ. ತೀರಾ ತಳದಲ್ಲಿ, ಒಂಟಿ ಕಾಲುಚೀಲದೊಳಗೆ, ಆ ಸೀಸದ ಬಾತು. ಅದನ್ನೂ ಕಳಿಸಿದ್ದೀಯಲ್ಲ ಎಂದು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟಿಲ್ಲ, ಮುಖ ನೋಡಿದರೆ ಮಾತ್ರ ಮೂರು ಯುದ್ಧ ಸೋತು ಬಂದ ಸೇನಾಪತಿಯಂತಿದೆ.

ನಿನಗೆ ಹದಿಮೂರು ತುಂಬಿದ ಆ ಸಂಜೆಯ ಬಗ್ಗೆ ನಾವಿಬ್ಬರೂ ಇದುವರೆಗೆ ಮಾತಾಡಿಲ್ಲ. ಯಾರು ಬಂದಿದ್ದರು, ಯಾರು ಬರಲಿಲ್ಲ, ಎಷ್ಟು ಹೊತ್ತಿಗೆ ಎದ್ದು ಹೋದರು ಎಂಬುದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಾನು ನೋಡಿದ್ದು ಬಾಗಿಲಿನಿಂದ. ನೀನು ನಾಲ್ಕು ಕುರ್ಚಿ ಹಾಕಿ, ಒಂದೊಂದರ ಮುಂದೆ ಒಂದು ಹಾಳೆ, ಚೂಪು ಮಾಡಿದ ಒಂದು ಪೆನ್ಸಿಲ್ ಇಟ್ಟಿದ್ದೆ. ನಿಯಮಪುಸ್ತಕ ಇರಲಿಲ್ಲ, ನಿಯಮಗಳನ್ನೂ ನೀನೇ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದೆ. ನಕ್ಷೆಯ ಸಮುದ್ರಕ್ಕೆ ಬಣ್ಣ ಹಚ್ಚುತ್ತ ಹಚ್ಚುತ್ತ ನೀಲಿ ಮುಗಿದು, ಅರ್ಧ ಸಮುದ್ರ ಹಸಿರಾಗಿತ್ತು. ಎಲ್ಲರೂ ಕೂತ ಮೇಲೆ ನೀನು ದನಿ ತಗ್ಗಿಸಿ ಆ ಜೌಗು ಪ್ರದೇಶವನ್ನು ವರ್ಣಿಸತೊಡಗಿದೆ. ಮಂಜು, ಕೊಳೆತ ಜೊಂಡು, ಸತ್ತೂ ಎದ್ದು ನಡೆಯುವವರು. ನೀರಿನ ಲೋಟಗಳ ತಟ್ಟೆ ಹಿಡಿದು ಬಂದ ನಾನು ಅಲ್ಲೇ ನಿಂತುಬಿಟ್ಟೆ. ಮಗಳಿಗೆ ಈ ದನಿ ಎಲ್ಲಿಂದ ಬಂತು ಎನ್ನಿಸಿತು. ಆಮೇಲೆ ನೀನು ಅಂದೆ, ‘ಮಂಜಿನೊಳಗಿಂದ ಒಬ್ಬ ಯೋಧ ಬರುತ್ತಾನೆ. ಅವನೊಂದು ಬಾತು.’

ಮುಂದಿನದನ್ನು ಬರೆಯಬೇಕು, ಕೈ ಬರುತ್ತಿಲ್ಲ. ಸ್ವಲ್ಪ ತಡೆ.

‘ಗ್ಲೊರಾಂಥಾದ ಮೇಲೆ ಒಂದೇ ಒಂದು ದೊಡ್ಡ ಆಟವೋ ಸಿನಿಮಾವೋ ಬಂದಿದ್ದರೆ ಸಾಕಿತ್ತು ಅಪ್ಪ’ ಎಂದೆಯಲ್ಲ, ಅದರ ಬಗ್ಗೆ ಯೋಚಿಸಿದೆ. ನೀನೇ ಹಿಂದೊಮ್ಮೆ ಹೇಳಿಕೊಟ್ಟದ್ದನ್ನು ಜೋಡಿಸುತ್ತೇನೆ, ತಪ್ಪಿದ್ದರೆ ತಿದ್ದು. 1966ರಲ್ಲಿ ಗ್ರೆಗ್ ಸ್ಟಾಫರ್ಡ್ ಎಂಬ ಅಮೆರಿಕದ ಕಾಲೇಜು ಹುಡುಗ ಗ್ಲೊರಾಂಥಾದ ಕಥೆಗಳನ್ನು ಬರೆಯತೊಡಗಿದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೆನಡಾದಲ್ಲಿ ಎಡ್ ಗ್ರೀನ್‌ವುಡ್ ಎಂಬ ಪುಟ್ಟ ಹುಡುಗ ಇನ್ನೊಂದು ಲೋಕದ ಕಥೆಗಳನ್ನು ಬರೆದುಕೊಳ್ಳುತ್ತಿದ್ದ. ಆ ಎರಡನೆಯದು 1987ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಲೋಕವಾಗಿ ಅಚ್ಚಾಯಿತು. ಇಟ್ಟುಕೊಂಡ ಹೆಸರು ಫರ್ಗಾಟನ್ ರೆಲ್ಮ್ಸ್, ಎಂದರೆ ಮರೆತುಹೋದ ನಾಡುಗಳು. 2023ರಲ್ಲಿ ಅದೇ ಲೋಕದಲ್ಲಿ ನಡೆಯುವ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಬಂದ ಮೇಲೆ ಆ ‘ಮರೆತುಹೋದ’ ನಾಡು ಆಟವನ್ನೇ ಆಡದವರ ಬಾಯಲ್ಲೂ ಬಂತು. ನಿಜವಾಗಿ ಮರೆವಿಗೆ ಸಂದದ್ದು ನಿನ್ನದು ಎಂದು ನೀನು ಹಲ್ಲು ಕಚ್ಚುವುದು ನನಗೆ ಅರ್ಥವಾಗುತ್ತದೆ. ಇದರಲ್ಲಿ ನ್ಯಾಯ ಹುಡುಕಿದರೆ ಸಿಗುವುದಿಲ್ಲ.

ಆದರೆ ಪ್ರಯತ್ನ ನಡೆಯದೇ ಇರಲಿಲ್ಲ, ಅದನ್ನೂ ನೆನಪಿಟ್ಟುಕೋ. ಸ್ಟಾಫರ್ಡ್ 1975ರಲ್ಲಿ ಸ್ವಂತ ಸಂಸ್ಥೆ ಕಟ್ಟಿ ತನ್ನ ಮೊದಲ ಹಲಗೆ ಆಟವನ್ನು ಹೊರತಂದ. 1978ರಲ್ಲಿ ರೂನ್‌ಕ್ವೆಸ್ಟ್ ಬಂತು. 1984ರಲ್ಲಿ ಅದು ಅವಲಾನ್ ಹಿಲ್ ಎಂಬ ದೊಡ್ಡ ಪ್ರಕಾಶಕರಿಂದ ಪ್ರಕಟವಾಯಿತಲ್ಲ, ಆಗ ಏನಾಯಿತು? ಆ ಮೂರನೆಯ ಆವೃತ್ತಿಯ ಮುಖ್ಯ ನೆಲೆ ಗ್ಲೊರಾಂಥಾ ಆಗಿರಲೇ ಇಲ್ಲ. ಮಂತ್ರತಂತ್ರ ಬೆರೆಸಿದ ಹಳೆಯ ಯುರೋಪು. ತನ್ನ ಮನೆಯಲ್ಲೇ ಅದು ನೆಂಟನಾಯಿತು. ದೊಡ್ಡ ಅಂಗಡಿಗೆ ಹೋಗುವಾಗ ಬಾಗಿಲಲ್ಲಿ ಏನನ್ನಾದರೂ ಬಿಟ್ಟು ಹೋಗಬೇಕಾಗುತ್ತದೆ. ನಿನ್ನ ಕನಸಿನ ಸಿನಿಮಾಕ್ಕೆ ದುಡ್ಡು ಹಾಕುವವರ ಮೊದಲ ಸಭೆಯಲ್ಲೇ ಬಾತುಗಳ ಕುತ್ತಿಗೆ ಹೋಗುತ್ತಿತ್ತು ಎಂದು ನಾನು ಬರೆದುಕೊಡುತ್ತೇನೆ. ನೀವು ಆಡುವವರೇ ಹೇಳುತ್ತೀರಲ್ಲ, ನಿನ್ನ ಗ್ಲೊರಾಂಥಾ ಬೇರೆ, ನನ್ನದು ಬೇರೆ ಎಂದು? ನೂರು ಕೋಟಿ ಜನ ಒಂದೇ ಸಿನಿಮಾ ನೋಡಿದ ಮೇಲೆ ಆ ಮಾತಿಗೆ ಎಷ್ಟು ಜಾಗ ಉಳಿಯುತ್ತದೆ? ಆಮೇಲೆ ಕಾಯುವುದನ್ನೂ ಕಲಿಯಬೇಕು. ನೀನು ನನ್ನ ಮೊಬೈಲಿನಲ್ಲಿ ಹಟ ಹಿಡಿದು ಹಾಕಿಸಿಕೊಂಡ ಕಿಂಗ್ ಆಫ್ ಡ್ರ್ಯಾಗನ್ ಪಾಸ್ ಎಂಬ ಗ್ಲೊರಾಂಥಾದ ಆಟ 1999ರಲ್ಲಿ ಕಂಪ್ಯೂಟರಿಗೆ ಬಂದಾಗ ಕೇಳುವವರು ಕಡಿಮೆ. 2011ರಲ್ಲಿ ಐಫೋನಿಗೆ ಬಂದ ಮೇಲೆ ಜನ ಹುಡುಕಿಕೊಂಡು ಬಂದರು. ಹನ್ನೆರಡು ವರ್ಷ. ನೀನು ಹನ್ನೊಂದು ದಿನಕ್ಕೆ ಪೆಟ್ಟಿಗೆ ಕಟ್ಟಿದ್ದೀಯ. ಸಿಟ್ಟಿನಲ್ಲಿ ಯಾವುದನ್ನೂ ಬಿಟ್ಟುಕೊಡಬಾರದು, ಸಿಟ್ಟಿನಲ್ಲಿ ಯಾವುದನ್ನೂ ಕೊಳ್ಳಲೂಬಾರದು, ಮೂವತ್ತು ವರ್ಷ ಲೆಕ್ಕಪತ್ರ ನೋಡಿದವನು ಹೇಳುತ್ತಿದ್ದೇನೆ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗದೆ ಇದ್ದರೆ ಸಣ್ಣದೂ ದೊಡ್ಡದಾಗಿಯೇ ಕಾಣುತ್ತದೆ,

ನೋಡು, ಶುರುವಾಯಿತು. ಓದಿ ನೋಡಿದೆ, ಭಾಷಣವೇ. ಹೊಡೆದುಹಾಕೋಣ ಎಂದುಕೊಂಡೆ, ಆದರೆ ಸುಳ್ಳೇನಲ್ಲವಲ್ಲ, ಇರಲಿ. ಇಷ್ಟೆಲ್ಲ ಬರೆದದ್ದು ಆ ಬಾಗಿಲಿಗೆ ಹಿಂತಿರುಗುವುದನ್ನು ತಪ್ಪಿಸಿಕೊಳ್ಳಲು ಎಂದು ನಿನಗೆ ಗೊತ್ತಾಗಿರುತ್ತದೆ.

‘ಅವನೊಂದು ಬಾತು’ ಎಂದೆ. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆ ಮಕ್ಕಳು ಕಣ್ಣರಳಿಸಿ ನಿನ್ನನ್ನೇ ನೋಡುತ್ತಿದ್ದರು ಪುಟ್ಟಿ, ನಾನು ಕಂಡಿದ್ದೇನೆ. ಅವರು ಇನ್ನೂ ನಿನ್ನ ಜೌಗಿನಲ್ಲೇ ಇದ್ದರು. ಮೊದಲು ನಕ್ಕವನು ನಾನು. ತಟ್ಟೆಯಲ್ಲಿದ್ದ ಲೋಟಗಳು ಗಲಗಲ ಎನ್ನುವಷ್ಟು ನಕ್ಕೆ. ಎಲ್ಲರೂ ತಿರುಗಿ ನೋಡಿದರು. ದೊಡ್ಡವರೇ ನಕ್ಕ ಮೇಲೆ ಮಕ್ಕಳು ತಡೆಯುತ್ತಾರೆಯೇ? ಒಬ್ಬ ಕ್ವಾಕ್ ಎಂದ. ಅಲ್ಲಿಗೆ ಮುಗಿಯಿತು. ನೀನು ನನಗೆ ಬೆನ್ನು ಮಾಡಿ ಕೂತಿದ್ದೆ, ಹಾಗಾಗಿ ಇಷ್ಟು ವರ್ಷವೂ ಅವರೇ ನಕ್ಕರೆಂದು ನೀನು ತಿಳಿದಿರಬಹುದು. ಅವತ್ತು ರಾತ್ರಿ ‘ಆ ಮಕ್ಕಳಿಗೆ ಬುದ್ಧಿಯಿಲ್ಲ, ಬಿಡು’ ಎಂದು ನಿನ್ನ ತಲೆ ಸವರಿದವನೂ ನಾನೇ. ಆ ಸಮಾಧಾನದ ಮಾತಿಗೆ ನಕ್ಕದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಅಥವಾ ನಿನಗೆ ಗೊತ್ತಿತ್ತೇ? ನನ್ನ ನಗು ಯಾರದ್ದೆಂದು ನಿನಗೆ ತಿಳಿಯದೆ ಇರುತ್ತದೆಯೇ? ಫೋನಿನಲ್ಲಿ ಮೊನ್ನೆ ನಾನು ಬಾತುಗಳ ವಿಷಯ ತೆಗೆದೊಡನೆ ನೀನು ಸುಮ್ಮನಾದ ರೀತಿ ನೋಡಿದರೆ, ಹದಿಮೂರು ವರ್ಷದಿಂದಲೂ ಗೊತ್ತಿತ್ತೇನೋ ಅನ್ನಿಸುತ್ತಿದೆ. ಹಾಗಿದ್ದರೆ ಹೇಳಬೇಡ.

ನಿನ್ನೆ ರಾತ್ರಿ ಬಾತುಗಳ ಬಗ್ಗೆ ಹುಡುಕಿ ಹುಡುಕಿ ಓದಿದೆ. ಹಿಂದೆಂದೋ ಶಾಪ ತಟ್ಟಿದ ಜನವಂತೆ. ಸತ್ತವರು ಎದ್ದು ಓಡಾಡುವ ಜೌಗಿನ ಅಂಚಿನಲ್ಲಿ ಬದುಕು. ಅವರಲ್ಲಿ ಎಷ್ಟೋ ಮಂದಿ ನಡೆದುಕೊಳ್ಳುವುದು ಹ್ಯುಮಾಕ್ಟ್‌ಗೆ, ಸಾವಿನ ಮತ್ತು ಸತ್ಯದ ದೇವರಿಗೆ. ದಂಗೆಯೊಂದು ಸೋತಾಗ ಚಂದ್ರಸಾಮ್ರಾಜ್ಯದವರು ತಪ್ಪನ್ನು ತಂದು ಈ ಬಾತುಗಳ ತಲೆಗೆ ಕಟ್ಟಿ, ಅವುಗಳನ್ನು ಬೇಟೆಯಾಡಿದರಂತೆ. ಅವತ್ತು ಮಂಜಿನಿಂದ ಹೊರಬರಬೇಕಿದ್ದವನು ಹಾಗೆ ತಪ್ಪಿಸಿಕೊಂಡು ಬಂದವನೇ? ಅವನು ಏನು ಹೇಳಬೇಕಿತ್ತು? ನೀನು ಅದನ್ನು ಬರೆದಿಟ್ಟುಕೊಂಡಿದ್ದೆ, ನನಗೆ ಗೊತ್ತು, ನೋಟ್‌ಪುಸ್ತಕದ ಆ ಪುಟದಲ್ಲಿ ನಿನ್ನ ಬೆರಳು ಇತ್ತು.

ಇನ್ನೊಂದು ವಿಷಯ. ನಿನ್ನ ಆಸೆಯನ್ನು ನಾನು ತಪ್ಪಾಗಿ ತಿಳಿದುಕೊಂಡಿದ್ದೆ. ನಾಲ್ಕು ಜನ ಮೆಚ್ಚಿದ್ದನ್ನೇ ಮೆಚ್ಚುವ ಹಂಬಲ, ಗುಂಪಿನ ಗೀಳು ಎಂದುಕೊಂಡಿದ್ದೆ. ಪಾತ್ರಗಳ ಹಾಳೆಗಳನ್ನು ಎಣಿಸಿದೆ, ಅಭ್ಯಾಸಬಲ. ಏಳು ಹಾಳೆ. ಮೂರರಲ್ಲಿ ಹೆಸರಿನ ಮುಂದೆ ನೀನು ಒಂದೊಂದು ತಾರೀಕು ಬರೆದು ಗೆರೆ ಎಳೆದಿದ್ದೀಯ. ಹೋದವರು. ಜನಪ್ರಿಯ ಆಟಕ್ಕೆ ಯಾರಾದರೂ ಬಿಟ್ಟುಹೋದರೆ ಸಂಜೆಯೊಳಗೆ ಇನ್ನೊಬ್ಬರು ಸಿಗುತ್ತಾರೆ. ಎಲ್ಫ್ ಎಂದರೇನು, ಡ್ರ್ಯಾಗನ್ ಎಂದರೇನು ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ನೀನು ಪ್ರತಿ ಸಲವೂ ಮೊದಲಿನಿಂದ ಹೇಳಬೇಕು: ಭೂಮಿ ಚಪ್ಪಟೆ, ಆಕಾಶ ಗುಮ್ಮಟ, ಚಂದ್ರ ಕೆಂಪು, ದೇವರುಗಳು ಇವರಿವರು, ದಯವಿಟ್ಟು ನಗಬೇಡಿ. ಕೇಳುವವರಿಗೇ ಆಯಾಸವಾಗುವಾಗ ಹೇಳುವವಳ ಪಾಡೇನು ಎಂದು ನಾನು ಯೋಚಿಸಿರಲಿಲ್ಲ. ನನ್ನ ನಿಜವಾದ ಹೆದರಿಕೆ ಅಲ್ಲಿದೆ. ಆ ದೂರದ ಕೋಣೆಯಲ್ಲಿ ನೀನು ಒಬ್ಬಳೇ ಕೂತು ಖಾಲಿ ಕುರ್ಚಿಗಳಿಗೆ ಜೌಗನ್ನು ವರ್ಣಿಸುತ್ತಿರುವಂತೆ ಎರಡು ರಾತ್ರಿ ಕನಸು ಬಿತ್ತು. ಈಗ ಪುಸ್ತಕವೂ ಇಲ್ಲಿಗೆ ಬಂದ ಮೇಲೆ ಅದೂ ಇಲ್ಲ.

ನಿನ್ನ ಗ್ಲೊರಾಂಥಾ ಕ್ಯಾಲೆಂಡರ್ ಕೂಡ ಸಿಕ್ಕಿತು, ಮಡಚಿದ ನಕ್ಷೆಯ ಒಳಗೆ. ನಿನ್ನ ಕೋಣೆಯ ಗೋಡೆಯ ಮೇಲೆ ಅದಿದ್ದಾಗ ದಿನ ಎಣಿಸಿ, 71 ದಿನ ಕಡಿಮೆ ಬಂದು, ಹುಡುಗಿ ಲೆಕ್ಕದಲ್ಲಿ ಹಿಂದೆ ಎಂದು ಅಮ್ಮನ ಹತ್ತಿರ ಹೇಳಿದ್ದೆ. ಈಗ ಮತ್ತೆ ಎಣಿಸಿದೆ. ಐದು ಋತು, ಋತುವಿಗೆ ಎಂಟು ವಾರ, ಕೊನೆಗೆ ಎರಡು ಪವಿತ್ರ ವಾರ. 280ಕ್ಕೆ 14 ಸೇರಿದರೆ 294. ಒಂದು ದಿನವೂ ತಪ್ಪಿಲ್ಲ. ಮನೆಯ ಎಲ್ಲರ ಹುಟ್ಟುಹಬ್ಬವನ್ನೂ ಅದರಲ್ಲಿ ಗುರುತು ಹಾಕಿದ್ದೀಯ. ನನ್ನದು ಕತ್ತಲ ಋತುವಿನಲ್ಲಿ ಬಿದ್ದಿದೆ. ಬೇಕೆಂದೇ ಹಾಕಿದೆಯೋ, ಲೆಕ್ಕದಲ್ಲಿ ಹಾಗೇ ಬಂತೋ? ಹೇಗಿದ್ದರೂ ಅದನ್ನು ನನ್ನ ಮೇಜಿನ ಎದುರಿಗೆ ಅಂಟಿಸಿದ್ದೇನೆ. ಅಮ್ಮ ನೋಡಿ, ‘ಹೊಸ ಪಂಚಾಂಗವೇ?’ ಎಂದಳು. ಹೌದೆಂದೆ. ವಿವರಿಸಲು ಹೋಗಿ ಮೂರನೆಯ ವಾಕ್ಯಕ್ಕೇ ಸಿಕ್ಕಿಹಾಕಿಕೊಂಡೆ.

ಪೆಟ್ಟಿಗೆಯನ್ನು ವಾಪಸು ಕಳಿಸಲೇ, ಇಲ್ಲೇ ಇರಲೇ, ತಿಳಿಸು. ಬಂದು ತೆಗೆದುಕೊಂಡು ಹೋದರೆ ಅಂಚೆ ಖರ್ಚು ಉಳಿಯುತ್ತದೆ.

ಬಾತುವಿನ ಕತ್ತಿ ನಡುವೆ ಬಾಗಿದೆ. ಕಾಲುಚೀಲದೊಳಗೆ ಬಾಗಿತೋ, ಮೊದಲಿನಿಂದಲೂ ಹಾಗೇ ಇತ್ತೋ ನನಗೆ ನೆನಪಾಗುತ್ತಿಲ್ಲ. ಸೀಸ ಮೆತ್ತಗೆ, ಉಗುರಿನಲ್ಲಿ ಒತ್ತಿದರೆ ನೆಟ್ಟಗಾದೀತು, ತುಂಡಾದರೂ ಆದೀತು. ನೀನು ಹೇಳುವವರೆಗೆ ಮುಟ್ಟುವುದಿಲ್ಲ.

ಇತಿ,
ಅಪ್ಪ